ನಾನು ಸ್ಪೇರ್ಸ್ ಕೌಂಟರ್, ಅವನು ಸೇಲ್ಸ್: ನನ್ನ ಮೌನವನ್ನು ಅವನು ನಾಚಿಕೆ ಅಂದುಕೊಂಡಿದ್ದಾನೆ

ಸ್ಪೇರ್ಸ್_ಕೌಂಟರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನನಗೆ 34. ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಸ್ಪೇರ್ಸ್ ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷ ಆಯಿತು. ಆಯಿಲ್ ಸೀಲ್, ಬೇರಿಂಗ್, ಫಿಲ್ಟರ್, ಕ್ಲಚ್ ಪ್ಲೇಟ್, ದಿನವೆಲ್ಲ ಇವೇ. ಯಾವ ಡಬ್ಬಿ ಎಲ್ಲಿದೆ ಅಂತ ಕರೆಂಟ್ ಹೋದಾಗಲೂ ತೆಗೆದುಕೊಡುತ್ತೇನೆ. ಮಾತಾಡುವುದು ಮಾತ್ರ ನನಗೆ ಕಷ್ಟ. ಚಿಕ್ಕಂದಿನಿಂದಲೂ ಹಾಗೇ.

ಅವನು ಸೇಲ್ಸ್. ನನಗಿಂತ ಮೂರು ವರ್ಷ ಚಿಕ್ಕವನು. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆ ಯಾವ ಹಳ್ಳಿಗೆ ಹೋದರೂ ಕರೆದು ಟೀ ಕೊಡುವ ಮನೆ ಅವನಿಗೆ ಒಂದಿರುತ್ತದೆ. ಯಾರ ಎಮ್ಮೆ ಈದಿದೆ, ಯಾರ ಬೋರಿಗೆ ಎಷ್ಟು ಅಡಿಗೆ ನೀರು ಬಂತು, ಯಾರ ಮಗಳು ಪಿಯುಸಿ ಪಾಸಾದಳು, ಎಲ್ಲ ಗೊತ್ತು. ಬೈಕ್ ಸ್ಟ್ಯಾಂಡ್ ಹಾಕುವ ಮೊದಲೇ ವಾಚ್‌ಮನ್ ಜೊತೆ ಮಾತು ಶುರು ಮಾಡಿರುತ್ತಾನೆ.

ನಾವಿಬ್ಬರೂ ಪ್ರೀತಿಸುತ್ತೇವೆ. ಹೌದು, ಇಬ್ಬರೂ ಗಂಡಸರೇ. ಮೂರನೇ ವರ್ಷ ನಡೆಯುತ್ತಿದೆ.

ಶುರುವಾಗಿದ್ದು ಒಂದು ಜೂನ್ ತಿಂಗಳಲ್ಲಿ, ಮೆಕ್ಕೆಜೋಳದ ಬಿತ್ತನೆ ಹೊತ್ತಿಗೆ. ಜಗಳೂರು ಕಡೆಯ ರೈತರೊಬ್ಬರ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಏಳುತ್ತಿಲ್ಲ ಅಂತ ರಾತ್ರಿ ಎಂಟಕ್ಕೆ ಅವನಿಗೆ ಫೋನ್ ಬಂತು. ಭೂಮಿ ಹದ ಆರಿದರೆ ಬಿತ್ತನೆ ಹೋಯಿತು. ನಾನು ಶಟರ್ ಎಳೆದು ಹೊರಟಿದ್ದವನು ಮತ್ತೆ ತೆಗೆದು ಸೀಲ್ ಕಿಟ್ ಕೊಟ್ಟೆ. ಯಾಕೋ ನಾನೂ ಅವನ ಬೈಕ್ ಹತ್ತಿದೆ. ಊರಿನ ಮೆಕ್ಯಾನಿಕ್ ಕೈಗೆ ಕಿಟ್ ಕೊಟ್ಟು ವಾಪಸ್ ಬರುವಾಗ ಮಳೆ ಹಿಡಿಯಿತು. ರಸ್ತೆ ಪಕ್ಕದ ಒಂದು ಬಸ್ ತಂಗುದಾಣದಲ್ಲಿ ನಿಂತೆವು. ಹೋಗುವಾಗ ದಾರಿ ಪೂರ್ತಿ ಮಾತಾಡಿದವನು ಅಲ್ಲಿ ಒಂದು ಮಾತಾಡಲಿಲ್ಲ. ಅರ್ಧ ಗಂಟೆ. ಕೊನೆಗೆ ಬಾಯಿ ಬಿಟ್ಟವನು ನಾನು.

ಈಗಿನ ವಿಷಯಕ್ಕೆ ಬರುತ್ತೇನೆ. ಕಳೆದ ಮಂಗಳವಾರ ನನ್ನನ್ನು ಕೇಳದೆ ಗಿರಾಕಿಗೆ ಟೂಲ್ ಕಿಟ್ ಫ್ರೀ ಅಂತ ಮಾತು ಕೊಟ್ಟುಬಿಟ್ಟಿದ್ದ. ಸ್ಟಾಕ್ ಇರಲಿಲ್ಲ. ಜಗಳ ಆಯಿತು. ಊಟದ ಹೊತ್ತಿಗೆ ವರ್ಕ್‌ಶಾಪಿನವರೊಬ್ಬರು "ಏನ್ರಪ್ಪಾ, ಗಂಡ ಹೆಂಡ್ತಿ ಥರ ಕಿತ್ತಾಡ್ತೀರಿ" ಅಂದರು. ಎಲ್ಲ ನಕ್ಕರು. ಅವನು ನನ್ನ ಹೆಗಲ ಮೇಲೆ ಕೈ ಹಾಕಿ "ಹೌದು, ಏನೀಗ?" ಅಂದ. ನಾನು ಅವನ ಕೈ ತೆಗೆದು, ಡಬ್ಬಿ ಅಲ್ಲೇ ಬಿಟ್ಟು ಗೋಡೌನಿಗೆ ಹೋದೆ.

ಐದು ದಿನ ಆಯಿತು, ನನ್ನ ಜೊತೆ ಮಾತಾಡಿಲ್ಲ. ಅವತ್ತು ರಾತ್ರಿ ಒಂದೇ ಮೆಸೇಜ್ ಬಂತು. "ನನ್ನ ಜೊತೆ ಇರೋಕೆ ನಿನಗೆ ನಾಚಿಕೆ." ಅಷ್ಟೇ.

ನಾಚಿಕೆ ಅಲ್ಲ. ಅಪ್ಪ ತೀರಿಕೊಂಡಾಗಲೂ ನಾನು ಜನರ ಮುಂದೆ ಅತ್ತವನಲ್ಲ. ನನಗೆ ತುಂಬಾ ಬೇಕಾದದ್ದನ್ನು ನಾನು ಒಳಗೇ ಇಟ್ಟುಕೊಳ್ಳುವುದು.

ಇದರ ಜೊತೆ ಇನ್ನೊಂದು. ಮಾಲೀಕರು ಚಿತ್ರದುರ್ಗದಲ್ಲಿ ಬ್ರಾಂಚ್ ತೆಗೆಯುತ್ತಿದ್ದಾರೆ. ಅವನನ್ನು ಇನ್‌ಚಾರ್ಜ್ ಮಾಡುತ್ತಾರಂತೆ. ಹಿಂದಿನ ವಾರ ಎಲ್ಲರ ಎದುರು "ಇವನು ಬಂದರೆ ಹೋಗುತ್ತೇನೆ ಸಾರ್" ಅಂದುಬಿಟ್ಟ. ಮಾಲೀಕರು ನನ್ನ ಮುಖ ನೋಡಿದರು. ನಾನು ಬಿಲ್ ಬುಕ್ ನೋಡಿದೆ. ಮಾರ್ಚ್ ಮುಗಿಯುವುದರೊಳಗೆ ಉತ್ತರ ಹೇಳಬೇಕು.

ಅವನಂತೆ ನಾನು ಆಗಲಾರೆ. ಹಾಗಂತ ಅವನನ್ನು ಕಳೆದುಕೊಳ್ಳಲೂ ಆಗದು. ಹೀಗೆ ಎರಡು ಬೇರೆ ಸ್ವಭಾವದವರು ಒಂದೇ ಕಡೆ ಕೆಲಸ ಮಾಡಿಕೊಂಡು ಬಾಳಿದವರು ಇದ್ದರೆ ದಯವಿಟ್ಟು ಹೇಳಿ.

ಕುಂದವಾಡ_ವಾಕರ್

ಇಲ್ಲಿ ಬರೆದಿದ್ದರಲ್ಲಿ ಕಾಲು ಭಾಗ ಅವನಿಗೆ ಹೇಳಿ. ಮೊದಲು ಅದು.

ಹಳೇ_ಎಚ್‌ಆರ್

ಬೆಂಗಳೂರಿನಲ್ಲಿ 14 ವರ್ಷ ಎಚ್‌ಆರ್ ಕೆಲಸ ಮಾಡಿ ಈಗ ಊರಿಗೆ ಬಂದು ಅಪ್ಪನ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ. ದೊಡ್ಡ ಕಂಪನಿಯಲ್ಲಿ ಇಂಥದ್ದಕ್ಕೆ ಒಂದು ಪಾಲಿಸಿ, ಒಂದು ದೂರು ಕೊಡುವ ದಾರಿ, ಏನೋ ಇರುತ್ತದೆ. ನಮ್ಮ ಊರಿನ ಶೋರೂಮಿನಲ್ಲಿ ಮಾಲೀಕರ ಮೂಡೇ ಪಾಲಿಸಿ. ಹಾಗಾಗಿ ಗಂಡು-ಹೆಣ್ಣು ಆಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಕೆಲಸದ ಜಾಗದಲ್ಲಿ ಕೆಲಸ.

ಅವನು ಇನ್‌ಚಾರ್ಜ್ ಆದರೆ ನಿಮ್ಮ ರಜೆ, ಸಂಬಳ, ಸ್ಟಾಕ್ ಕೊರತೆ, ಎಲ್ಲಕ್ಕೂ ಸಹಿ ಮಾಡುವವನು ಅವನೇ. ನಾಳೆ ನಾಲ್ಕು ಫಿಲ್ಟರ್ ಕಮ್ಮಿ ಬಂದರೆ? ಅವನು ಬೈಯಬೇಕು, ನೀವು ಬೈಸಿಕೊಳ್ಳಬೇಕು, ರಾತ್ರಿ ಒಂದೇ ತಟ್ಟೆಯಲ್ಲಿ ಊಟ ಮಾಡಬೇಕು. ಆಗುತ್ತಾ? ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಗಂಡಸರು ಅನ್ನುವುದಲ್ಲ.

ಮಂಡಕ್ಕಿ_ಮೆಣಸಿನಕಾಯಿ

ಹಳೇ ಎಚ್‌ಆರ್ ಅಣ್ಣ, ಇಬ್ಬರೂ ಗಂಡಸರು ಅನ್ನುವುದೂ ದೊಡ್ಡ ವಿಷಯವೇ. ಗಂಡು-ಹೆಣ್ಣು ಆಗಿದ್ದರೆ ಇಷ್ಟು ಹೊತ್ತಿಗೆ ಶೋರೂಮಿನವರೇ ಮದುವೆಗೆ ಪಾತ್ರೆ ಸೆಟ್ ಉಡುಗೊರೆ ಕೊಟ್ಟಿರುತ್ತಿದ್ದರು. ಇವರು ಹೆಗಲ ಮೇಲಿನ ಕೈಗೂ ಲೆಕ್ಕ ಕೊಡಬೇಕು.

ಮಂಡಿ_ಮನುಷ್ಯ

ನನ್ನ ಮಾತು ಹಿಡಿಸದೇ ಇರಬಹುದು. ಮನೆಯೊಳಗೆ ಏನಾದರೂ ಇರಲಿ. ಆದರೆ ರೈತರು ಹೆಂಡತಿ ಮಕ್ಕಳ ಜೊತೆ ಪೂಜೆ ಮಾಡಿಸಿ ಗಾಡಿ ಒಯ್ಯುವ ಜಾಗ ಅದು. ಅಲ್ಲಿ ಇದೆಲ್ಲ ಬೇಡ. ನಮ್ಮ ಕಡೆ ಇಂಥದ್ದು ಮೊದಲು ಇರಲಿಲ್ಲ. ಬೆಂಗಳೂರು, ಮೊಬೈಲು ಬಂದ ಮೇಲೆ ಬಂದದ್ದು. ಒಂದು ಸಲ ಒಳ್ಳೆ ಡಾಕ್ಟರಿಗೆ ತೋರಿಸಿ. ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ವಾರ್ಡ್_ಸಿಸ್ಟರ್

ಮಂಡಿ ಮನುಷ್ಯ ಅವರೇ, ಕಾಳಜಿ ಇರಲಿ, ಆದರೆ ಈ ಸಲಹೆಯಿಂದ ಹಾಳಾದ ಹುಡುಗರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಮನೆಯವರೇ "ಸರಿ ಮಾಡಿಸಲು" ಕರೆತಂದಿರುತ್ತಾರೆ. ಸರಿ ಮಾಡುವುದಕ್ಕೆ ಅಲ್ಲಿ ಕಾಯಿಲೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. "ಬದಲಾಯಿಸುತ್ತೇವೆ" ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಯಾರಾದರೂ ಡಾಕ್ಟರ್ ಹಾಗೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಸ್ಪೇರ್ಸ್ ಕೌಂಟರ್ ಅವರೇ, ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವ ಹಾಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಅದು ನಿಮ್ಮನ್ನು ಬದಲಾಯಿಸುವುದಕ್ಕಲ್ಲ. ಐದು ದಿನದ ಭಾರ ಇಳಿಸಿಕೊಳ್ಳುವುದಕ್ಕೆ.

ಶಾಲೆ_ಟೀಚರ್_ನಿವೃತ್ತ

"ನಮ್ಮ ಕಡೆ ಮೊದಲು ಇರಲಿಲ್ಲ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಯಾರಿಗೂ ಹೇಳಿದ ವಿಷಯ ಅಲ್ಲ.

ನನ್ನ ದೊಡ್ಡಣ್ಣ ಇದೇ ಊರಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸೈರನ್ ಕೂಗಿದರೆ ಓಣಿಗೆ ಓಣಿಯೇ ಎದ್ದು ಹೊರಡುತ್ತಿತ್ತು. ಅದೇ ಪಾಳಿಯಲ್ಲಿ ಅವನಿಗೊಬ್ಬ ಸ್ನೇಹಿತ. ಅಣ್ಣ ಸಿಡುಕ, ಯೂನಿಯನ್ ಮೀಟಿಂಗಿನಲ್ಲಿ ಕೂಗಾಡುವವನು. ಆತ ತಣ್ಣಗಿನ ಮನುಷ್ಯ, ಮಗ್ಗದ ಸದ್ದಿನ ನಡುವೆ ನಿಂತು ನಿಂತು ಕಿವಿಯೂ ಸ್ವಲ್ಪ ಮಂದ. ಇಬ್ಬರೂ ಒಂದು ರೂಮು ಮಾಡಿಕೊಂಡಿದ್ದರು. ಅಣ್ಣ ಮದುವೆ ಆಗಲಿಲ್ಲ. ಆತನೂ ಆಗಲಿಲ್ಲ. ಗಿರಣಿ ಮುಚ್ಚಿತು, ಆದರೂ ರೂಮು ಬಿಡಲಿಲ್ಲ. ಅಣ್ಣ ಹಣ್ಣಿನ ಗಾಡಿ ತಳ್ಳಿದ, ಆತ ಒಂದು ಲಾಡ್ಜಿನಲ್ಲಿ ರಾತ್ರಿ ಕಾವಲು. ನಮ್ಮ ಅಮ್ಮ ಹಬ್ಬಕ್ಕೆ ಹೋಳಿಗೆ ಕಳಿಸುವಾಗ ಇಬ್ಬರಿಗೂ ಅಂತಲೇ ಲೆಕ್ಕ ಹಾಕಿ ಕಟ್ಟುತ್ತಿದ್ದಳು. ಅಮ್ಮ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಅಣ್ಣ ತೀರಿಕೊಂಡಾಗ ಮನೆಗೆ ತಂದೆವು. ಹನ್ನೊಂದನೇ ದಿನದ ತನಕ ಆತ ಹೊರಗೆ ಚಪ್ಪಲಿ ಬಿಡುವ ಕಡೆ ಕೂತಿದ್ದ. ಒಳಗೆ ಬನ್ನಿ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆಮೇಲೆ ಗಿರಣಿಯ ಬಾಕಿ ಹಣ ಬಂತು, ನಮ್ಮ ಅಣ್ಣ ತಮ್ಮಂದಿರು ಹಂಚಿಕೊಂಡರು. ಆತನಿಗೆ ಅಣ್ಣನ ವಾಚ್ ಕೂಡ ಸಿಗಲಿಲ್ಲ. ಆತ ರೂಮು ಬಿಟ್ಟು ಎಲ್ಲಿ ಹೋದ ಅಂತ ನನಗೆ ಗೊತ್ತಿಲ್ಲ.

ಅವರಿಬ್ಬರೂ ಏನಾಗಿದ್ದರು ಅಂತ ಹೆಸರಿಟ್ಟು ಹೇಳಲು ನನ್ನಿಂದ ಆಗದು. ಆದರೆ ಮೊಬೈಲಿನಿಂದ ಬಂದದ್ದಲ್ಲ ಅದು. ಮಗು, ನೀನು ಮಾತಾಡು. ಆತ ಮಾತಾಡದವನು. ಕೊನೆಗೆ ಆತನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಕುಂದವಾಡ_ವಾಕರ್

ಟೀಚರಮ್ಮ, ಇದನ್ನು ಓದಿ ಸುಮ್ಮನೆ ಕೂತಿದ್ದೇನೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ನಾನು ದುರ್ಗದವನು. ಬ್ರಾಂಚ್ ವಿಷಯಕ್ಕೆ ಒಂದು ಮಾತು. ಇಲ್ಲಿಗೆ ಬಂದರೆ ನಿಮ್ಮನ್ನು ಗುರುತಿಸುವವರು ಕಮ್ಮಿ, ಅದು ನಿಮಗೆ ಒಳ್ಳೆಯದು. ಆದರೆ ಮನೆ ಬಾಡಿಗೆಗೆ ಹುಡುಕುವಾಗ "ಬ್ಯಾಚುಲರ್ಸ್‌ಗೆ ಕೊಡಲ್ಲ" ಅನ್ನುವುದು ಇಲ್ಲೂ ಇದೆ. ಇಬ್ಬರು ಸಹೋದ್ಯೋಗಿಗಳು, ಕಂಪನಿ ಕೆಲಸದ ಮೇಲೆ ಬಂದಿದ್ದೇವೆ ಅಂತ ಹೇಳಿ. ಸುಳ್ಳೇನೂ ಅಲ್ಲ. ಭಾನುವಾರ ಬೆಳಿಗ್ಗೆ ಕೋಟೆ ಹತ್ತಿ. ಅವನಿಗೆ ಮಾತಾಡಲು ಬೇಕಾದಷ್ಟು ಜನ ಸಿಗುತ್ತಾರೆ. ನಿಮಗೆ ಕೂರಲು ಬೇಕಾದಷ್ಟು ಬಂಡೆ ಇವೆ.

ಸೂಳೆಕೆರೆ_ಸೀನ

ದಿನಾ ಓಡಾಡಿದರೆ ಆಗಲ್ವಾ? ಹೆದ್ದಾರಿ 48ರಲ್ಲಿ 60 ಕಿಲೋಮೀಟರ್ ಚಿಲ್ಲರೆ, ಅಷ್ಟೇ. ನಮ್ಮ ಕಾಲೇಜಿನ ಎಷ್ಟೋ ಮೇಷ್ಟ್ರುಗಳು ಹಾಗೇ ಬರುತ್ತಾರೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಬಸ್ಸಿನಲ್ಲಿ ಆಗುತ್ತದೆ. ರೈಲು ಮಾತ್ರ ನಂಬಬೇಡಿ, ಈಗಲೂ ಚಿಕ್ಕಜಾಜೂರು ಸುತ್ತಿ ಬರಬೇಕು. ನೇರ ಮಾರ್ಗದ ಕೆಲಸ ಮುಗಿದ ಮೇಲೆ ನೋಡೋಣ.

ಸೂಳೆಕೆರೆ_ಸೀನ

ಆ ಮಾರ್ಗದ ಸುದ್ದಿ ನಾನು ಪಿಯುಸಿಯಲ್ಲಿ ಇದ್ದಾಗಿನಿಂದ ಕೇಳುತ್ತಿದ್ದೇನೆ.

ಹಿರಿಯೂರು_ಹೈದ

ವಾಣಿ ವಿಲಾಸ ಸಾಗರ ಕೋಡಿ ಬೀಳುವುದನ್ನೂ ನಮ್ಮ ತಾತ ಬರೀ ಕೇಳಿದ್ದರು. 1933ರ ನಂತರ 2022ರಲ್ಲಿ ಬಿತ್ತು. ರೈಲೂ ಬರುತ್ತದೆ ಬಿಡಿ.

ಹಳೇ_ಎಚ್‌ಆರ್

ದಯವಿಟ್ಟು ವಿಷಯಕ್ಕೆ ಬರೋಣ. ಅವರು ತಿಂಗಳ ಕೊನೆಗೆ ಉತ್ತರ ಹೇಳಬೇಕು.

ಕಪ್ಪು_ಕೋಟು

ವಕೀಲೆ ನಾನು. ಇಲ್ಲಿ ಯಾರೂ ಕಾನೂನಿನ ವಿಷಯ ಎತ್ತಿಲ್ಲ, ಹಾಗಾಗಿ ಹೇಳುತ್ತೇನೆ.

ಮೊದಲನೆಯದಾಗಿ, ನೀವು ಯಾವ ಅಪರಾಧವನ್ನೂ ಮಾಡಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂ, ಒಪ್ಪಿ ಕೂಡಿ ಬಾಳುವ ಇಬ್ಬರು ವಯಸ್ಕರಿಗೆ ಅನ್ವಯ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ಐವರೂ ಒಂದೇ ತೀರ್ಮಾನಕ್ಕೆ ಬಂದರು. ಈ ಜನರಿಗೂ ಇವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಯಾರಾದರೂ "ಪೊಲೀಸ್‌ಗೆ ಹೇಳುತ್ತೇನೆ" ಅಂತ ಹೆದರಿಸಿ ದುಡ್ಡು ಕೇಳಿದರೆ, ಅಪರಾಧ ಮಾಡುತ್ತಿರುವವನು ಅವನು.

ಮದುವೆ ಮಾತ್ರ ಆಗುವುದಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಕೋರ್ಟ್ ಅದನ್ನು ಶಾಸನಸಭೆಗೆ ಬಿಟ್ಟಿದೆ.

ಕೆಲಸದ ವಿಷಯ. ಸಲಿಂಗಿ ಅನ್ನುವ ಕಾರಣಕ್ಕೆ ಖಾಸಗಿಯವರು ಕೆಲಸದಿಂದ ತೆಗೆಯಬಾರದು ಅಂತ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಆದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಇದೆ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ತೆಗೆದರೂ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ನಿಮ್ಮದು ಒಂಬತ್ತು ವರ್ಷ. ನೇಮಕಾತಿ ಪತ್ರ, ಸಂಬಳದ ಚೀಟಿ ಎಲ್ಲ ಒಂದು ಕಡೆ ಇಟ್ಟುಕೊಳ್ಳಿ.

ಟೀಚರಮ್ಮನ ಅಣ್ಣನ ವಿಷಯ ಓದಿದ ಮೇಲೆ ಇದನ್ನು ಹೇಳದೆ ಇರಲಾರೆ. ಜಂಟಿ ಬ್ಯಾಂಕ್ ಖಾತೆ ತೆಗೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರದ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ಇಬ್ಬರೂ ಒಂದೊಂದು ವಿಲ್ ಬರೆದಿಡಿ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಗಟ್ಟಿ. ನಾಮಿನಿ ಅಂದರೆ ವಾರಸುದಾರ ಅಲ್ಲ, ಹಣ ಕೈಗೆ ಪಡೆಯುವವನು ಅಷ್ಟೇ. ಅದಕ್ಕೇ ವಿಲ್. ಪಿಎಫ್‌ದು ಬೇರೆ, ಅಲ್ಲಿ ಕುಟುಂಬ ಇದ್ದವರು ಕುಟುಂಬದವರನ್ನೇ ಹಾಕಬೇಕು.

ಮಂಡಕ್ಕಿ_ಮೆಣಸಿನಕಾಯಿ

ವಕೀಲಮ್ಮ, 377 ಹೋಗಿದ್ದು 2009ರಲ್ಲಿ ಅಲ್ವಾ? ನಾನು ಪೇಪರಿನಲ್ಲಿ ಓದಿದ ನೆನಪು.

ಕಪ್ಪು_ಕೋಟು

ನಿಮ್ಮ ನೆನಪು ಸರಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಹೇಳಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನಾಲ್ಕೂವರೆ ವರ್ಷ ಧೈರ್ಯವಾಗಿ ಇದ್ದವರು ಒಂದೇ ದಿನದಲ್ಲಿ ಮತ್ತೆ ಅಪರಾಧಿಗಳಾದರು. 2018ರಲ್ಲಿ ಮತ್ತೆ ಸರಿಯಾಯಿತು.

ಚಳ್ಳಕೆರೆ_ಶೇಂಗಾ

ಆ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ನಾನೂ ನಿಮ್ಮಂಥವನೇ. ನನಗೂ ಒಬ್ಬನಿದ್ದ. ಆದರೆ ನಮ್ಮಿಬ್ಬರಲ್ಲಿ ವಾಚಾಳಿ ನಾನು. ಹಾಗಾಗಿ ನಿಮ್ಮ ಸೇಲ್ಸ್ ಹುಡುಗನ ಪರವಾಗಿ ನಾನು ಮಾತಾಡುತ್ತೇನೆ.

ಒಂದು ಎಣ್ಣೆ ಮಿಲ್ಲಿನಲ್ಲಿ ನಾನು ಬ್ರೋಕರ್‌ಗಳ ಜೊತೆ ರೇಟ್ ಮಾತಾಡುವವನು. ಅವನು ಲ್ಯಾಬ್. ಬೀಜದಲ್ಲಿ ಎಣ್ಣೆ ಎಷ್ಟು, ತೇವ ಎಷ್ಟು ಅಂತ ಅಳೆದು ಚೀಟಿ ಬರೆಯುವವನು. ಅವನು ಬರೆದ ಅಂಕಿಯ ಮೇಲೆ ನಾನು ವ್ಯಾಪಾರ ಮಾಡುತ್ತಿದ್ದೆ. ನಾನು ಎಲ್ಲರ ಜೊತೆ ನಗುತ್ತಿದ್ದೆ. ಅವನು ನನ್ನ ಜೊತೆ ಮಾತ್ರ ನಗುತ್ತಿದ್ದ.

ಜನ ತಿಳಿದುಕೊಂಡಿರುತ್ತಾರೆ, ಮಾತಾಡುವವನಿಗೆ ಧೈರ್ಯ ಜಾಸ್ತಿ ಅಂತ. ಇಲ್ಲ. ನಾನು ಮಾತು ನಿಲ್ಲಿಸಿದರೆ ಯಾರಾದರೂ ಏನಾದರೂ ಕೇಳಿಬಿಡುತ್ತಾರೆ ಅನ್ನುವ ಭಯ. ಅದಕ್ಕೆ ಜಾಗವೇ ಕೊಡದ ಹಾಗೆ ಮಾತಾಡುತ್ತಿದ್ದೆ. "ಹೌದು, ಏನೀಗ?" ಅಂತ ನಿಮ್ಮವನು ಅಂದನಲ್ಲ, ಅದನ್ನು ಅಂದಾಗ ಅವನ ಕೈ ನಡುಗುತ್ತಿತ್ತೋ ಏನೋ. ನೀವು ಆ ಕೈ ತೆಗೆದಿರಿ.

2013ರಲ್ಲಿ ಆ ತೀರ್ಪು ಬಂದ ವಾರ ಅವನು ನನ್ನ ಹತ್ತಿರ ಬರುವುದನ್ನೇ ನಿಲ್ಲಿಸಿದ. ಭಯಪಟ್ಟ. ನಾನು ಅವನಿಗೆ ಹೊತ್ತು ಕೊಡಬೇಕಿತ್ತು. ಕೊಡಲಿಲ್ಲ. ನಾಲ್ಕು ಜನ ನಿಂತ ಕಡೆ "ಹೇಡಿ" ಅಂದೆ. ಅವನು ಅವತ್ತೇ ಲೆಕ್ಕ ಒಪ್ಪಿಸಿ ಕೆಲಸ ಬಿಟ್ಟ. ಮತ್ತೆ ನೋಡಿಲ್ಲ.

ತಪ್ಪು ನಿಮ್ಮವನದೂ ಅಲ್ಲ, ನಿಮ್ಮದೂ ಅಲ್ಲ. ಆದರೆ ಆರನೇ ದಿನ ಆಗುವುದಕ್ಕೆ ಬಿಡಬೇಡಿ.

ವಾರ್ಡ್_ಸಿಸ್ಟರ್

ಶೇಂಗಾ ಅಣ್ಣ, ನೀವು ಬರೆದದ್ದಕ್ಕೆ ಥ್ಯಾಂಕ್ಸ್.

ತುಂಗಭದ್ರೆ_ತೀರ

ನಾನು ಹರಿಹರದವಳು. ನಮ್ಮ ದೇವಸ್ಥಾನದಲ್ಲಿ ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಒಬ್ಬ ಅಲಂಕಾರಪ್ರಿಯ, ಇನ್ನೊಬ್ಬ ಬೂದಿ ಬಳಿದುಕೊಂಡವನು. ಎರಡು ಸ್ವಭಾವ ಒಂದೇ ಕಡೆ ನಿಂತಿರುವುದನ್ನು ಚಿಕ್ಕಂದಿನಿಂದ ನೋಡಿ ಕೈ ಮುಗಿದವರು ನಾವು. ಹಾಗಾಗಿ ನಿಮ್ಮದು ನನಗೆ ವಿಚಿತ್ರ ಅನ್ನಿಸಲಿಲ್ಲ.

ಮಂಡಿ_ಮನುಷ್ಯ

ದೇವರನ್ನು ಇದಕ್ಕೆ ಎಳೆಯಬೇಡಿ ತಾಯಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಶೈವರು ವೈಷ್ಣವರು ಜಗಳ ಬಿಟ್ಟು ಒಂದಾಗಲಿ ಅನ್ನುವುದಕ್ಕೆ ಹರಿಹರ. ಪ್ರೀತಿ ಪ್ರೇಮಕ್ಕಲ್ಲ.

ತುಂಗಭದ್ರೆ_ತೀರ

ಒಪ್ಪಿದೆ. ಜಗಳ ಬಿಟ್ಟು ಒಂದಾಗಲಿ ಅನ್ನುವುದನ್ನೇ ನಾನೂ ಹೇಳಿದ್ದು.

ಎರೆ_ಹೊಲ

ವಿಷಯ ಬೇರೆ, ಕ್ಷಮಿಸಿ. ಸ್ಪೇರ್ಸ್ ಕೌಂಟರ್ ಅಣ್ಣ, ನಮ್ಮ ಆರು ಅಡಿ ರೋಟವೇಟರ್ ಈ ಸಲ ಹೊಲದಲ್ಲಿ ಜಂಪ್ ಹೊಡೆಯುತ್ತಿದೆ. ಬ್ಲೇಡ್ ಸವೆದಿವೆ. ಸವೆದವಷ್ಟನ್ನೇ ಬದಲಿಸಿದರೆ ಸಾಕಾ? ನಿಮ್ಮ ವಿಷಯದಲ್ಲಿ ನನಗೆ ಹೇಳಲು ಬುದ್ಧಿ ಸಾಲದು. ಒಳ್ಳೆಯದಾಗಲಿ.

ಸ್ಪೇರ್ಸ್_ಕೌಂಟರ್ (ದಾವಣಗೆರೆ)

ಎರೆ ಹೊಲ ಅಣ್ಣ, ಸವೆದವಷ್ಟನ್ನೇ ಹಾಕಬೇಡಿ. ಹೊಸದು ಉದ್ದ, ಹಳೆಯದು ಗಿಡ್ಡ ಆಗಿ ರೋಟರ್ ಸಮ ತಿರುಗುವುದಿಲ್ಲ, ಬೇರಿಂಗ್ ಹೋಗುತ್ತದೆ. ಆರು ಅಡಿಗೆ ಸಾಮಾನ್ಯವಾಗಿ 42 ಬ್ಲೇಡ್. ಎಡಗಡೆಯವು 21, ಬಲಗಡೆಯವು 21. ಕೊಳ್ಳುವಾಗ ಎರಡನ್ನೂ ಎಣಿಸಿ ತೆಗೆದುಕೊಳ್ಳಿ, ಅಂಗಡಿಯವರು ಒಮ್ಮೊಮ್ಮೆ ಒಂದೇ ಕಡೆಯವು ಕೊಟ್ಟುಬಿಡುತ್ತಾರೆ. ನಟ್ ಬೋಲ್ಟ್ ಹೊಸದೇ ಹಾಕಿ. ಮೊದಲ ದಿನ ಒಂದು ಗಂಟೆ ಓಡಿಸಿ ಮತ್ತೆ ಟೈಟ್ ಮಾಡಿ.

ಉಳಿದವರಿಗೆ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಟೀಚರಮ್ಮ, ನಿಮ್ಮ ಅಣ್ಣನ ಸ್ನೇಹಿತರು ಚಪ್ಪಲಿ ಹತ್ತಿರ ಕೂತದ್ದು ಕಣ್ಣಿನಿಂದ ಹೋಗುತ್ತಿಲ್ಲ. ನಾನೂ ಹಾಗೇ ಕೂರುವವನೇ ಅನ್ನಿಸಿತು. ಯಾರೂ ಕರೆಯದಿದ್ದರೆ ನಾನೂ ಒಳಗೆ ಹೋಗುತ್ತಿರಲಿಲ್ಲ.

ಶೇಂಗಾ ಅಣ್ಣ, ಕೈ ನಡುಗುತ್ತಿತ್ತಾ ಅಂತ ನಾನು ನೋಡಲೇ ಇಲ್ಲ. ಈಗ ಯೋಚಿಸಿದರೆ, ನಾನು ತೆಗೆದಾಗ ಅದು ಬೆವತಿತ್ತು.

ಕುಂದವಾಡ_ವಾಕರ್

ಅವತ್ತು ಮಳೆಯಲ್ಲಿ ಮೊದಲು ಮಾತಾಡಿದ್ದು ನೀವು. ಈಗಲೂ ನಿಮ್ಮ ಸರದಿ.

ಹಳೇ_ಎಚ್‌ಆರ್

ಸರಿ, ಪ್ರೀತಿಯ ವಿಷಯ ನಿಮ್ಮದು. ಮಾಲೀಕರಿಗೆ ಏನು ಹೇಳಬೇಕು ಅನ್ನುವುದು ನನ್ನ ವಿಷಯ. ಅವನು "ಇವನು ಬಂದರೆ ಹೋಗುತ್ತೇನೆ" ಅಂದ. ಅದು ಮನಸ್ಸಿನ ಮಾತು, ಮಾಲೀಕರಿಗೆ ಅದು ಅರ್ಥ ಆಗುವುದಿಲ್ಲ. ನೀವು ಲೆಕ್ಕದ ಮಾತು ಆಡಿ. ಹೊಸ ಬ್ರಾಂಚ್, ಸ್ಪೇರ್ಸ್ ಇಲ್ಲದೆ ನಡೆಯುತ್ತದಾ? ಗಾಡಿ ಮಾರಿ ಆರು ತಿಂಗಳಿಗೆ ಫಿಲ್ಟರ್ ಸಿಗದಿದ್ದರೆ ಆ ರೈತ ಎರಡನೇ ಗಾಡಿಗೆ ಬೇರೆ ಶೋರೂಮಿಗೆ ಹೋಗುತ್ತಾನೆ. ಒಂಬತ್ತು ವರ್ಷ ಅನುಭವ ಇರುವವನು ಅಲ್ಲಿ ರ‍್ಯಾಕ್ ಹಾಕಿಸುವುದರಿಂದ ಹಿಡಿದು ಕೂರಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ನಿಮಗೆ ಮಾತು ಕಷ್ಟ, ಬರವಣಿಗೆ ಕಷ್ಟ ಅಲ್ಲ ಅಂತ ನಾವೆಲ್ಲ ನೋಡಿದೆವು.

ಇನ್ನೊಂದು ಷರತ್ತು ಕೇಳಿ. ನಿಮ್ಮ ಸ್ಟಾಕ್ ಲೆಕ್ಕ ಅವನಿಗೆ ಅಲ್ಲ, ನೇರ ದಾವಣಗೆರೆ ಅಕೌಂಟ್ಸ್‌ಗೆ ಹೋಗಬೇಕು. ಆಗ ಅವನು ನಿಮ್ಮ ಬಾಸ್ ಆಗುವುದಿಲ್ಲ. ನಾಳೆ ಯಾರೂ ಬೆರಳು ತೋರಿಸುವುದಿಲ್ಲ. ಮೊದಲು ನಾನು ಬೇಡ ಅಂದಿದ್ದೆ, ಹೀಗಾದರೆ ಆಗಬಹುದು ಅನ್ನಿಸುತ್ತಿದೆ.

ಕಪ್ಪು_ಕೋಟು

ಇದು ಒಳ್ಳೆಯ ಸಲಹೆ. ಬರಹದಲ್ಲಿ ಇದ್ದರೆ ನನ್ನಂಥವರಿಗೂ ಮುಂದೆ ಸುಲಭ.

ಮಂಡಕ್ಕಿ_ಮೆಣಸಿನಕಾಯಿ

ಆದರೆ ಎಲ್ಲರಿಗೂ ಹೇಳಲೇಬೇಕು ಅನ್ನುವ ಹುಡುಗನ ಆಸೆ? ಅದನ್ನು ಯಾರೂ ಮುಟ್ಟುತ್ತಿಲ್ಲ. ಲೆಕ್ಕದ ಹಾಳೆಯ ಹಿಂದೆ ಮತ್ತೆ ಬಚ್ಚಿಟ್ಟ ಹಾಗೆ ಆಗಲಿಲ್ವಾ?

ಚಳ್ಳಕೆರೆ_ಶೇಂಗಾ

ಅವನಿಗೆ ಬೇಕಾಗಿರುವುದು ಎಲ್ಲರಿಗೂ ಹೇಳುವುದಲ್ಲ ಅಂತ ನನ್ನ ಅನುಭವ. ಒಬ್ಬರಿಗೆ ಸಾಕು. ಇವರ ಕಡೆಯ ಒಬ್ಬರು, ಅಕ್ಕನೋ ತಂಗಿಯೋ ಸ್ನೇಹಿತನೋ, ಅವನ ಹೆಸರು ಹೇಳಿ "ಹೇಗಿದ್ದಾನೆ" ಅಂತ ಕೇಳಬೇಕು. ನಾನು ಊರಿಗೆಲ್ಲ ಕೂಗಿದ್ದು, ಆ ಒಬ್ಬರು ಇರಲಿಲ್ಲ ಅಂತ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಮಂಡಕ್ಕಿ ಅವರೇ, ಹೇಳುವುದು ಅವರಿಗೆ ಬಿಟ್ಟದ್ದು. ಕೆಲಸ ಹೋದರೆ ಬಾಡಿಗೆ ನೀವು ನಾನು ಕಟ್ಟುವುದಿಲ್ಲ.

ಮಂಡಕ್ಕಿ_ಮೆಣಸಿನಕಾಯಿ

ಅದೂ ಸರಿ. ಅವಸರ ಪಟ್ಟೆ.

ಮಂಡಿ_ಮನುಷ್ಯ

ಮೂರು ದಿನದಿಂದ ಇಲ್ಲಿ ಬಂದು ಓದಿ ಹೋಗುತ್ತಿದ್ದೇನೆ. ನನಗೆ ಇದು ಇನ್ನೂ ಒಗ್ಗುವುದಿಲ್ಲ, ಸುಳ್ಳು ಹೇಳಲಾರೆ. ಆದರೆ ಒಂದು ಹೇಳಬೇಕು. ನಮ್ಮ ಮಂಡಿಯಲ್ಲಿ ಒಬ್ಬ ಹುಡುಗ ಮೂಟೆ ಲೆಕ್ಕ ಬರೆಯುತ್ತಿದ್ದ. ನಡಿಗೆ ಸ್ವಲ್ಪ ಹೆಣ್ಣಿನ ಥರ ಅಂತ ಎಲ್ಲ ಸೇರಿ ಅವನಿಗೆ ಒಂದು ಹೆಸರು ಇಟ್ಟಿದ್ದೆವು. ಆ ಹೆಸರು ಹಿಡಿದೇ ಕರೆಯುತ್ತಿದ್ದೆವು, ನಾನೂ ಕೂಡ. ಒಂದು ಗೋಣಿ ತಪ್ಪಿಲ್ಲ ಅವನ ಲೆಕ್ಕದಲ್ಲಿ. ಮೆಕ್ಕೆಜೋಳದ ಸೀಸನ್ ನಡುವೆ ಹೇಳದೆ ಕೇಳದೆ ಬಿಟ್ಟು ಹೋದ. ಆಗ ಅವನ ಮೇಲೆ ಸಿಟ್ಟು ಬಂದಿತ್ತು. ಡಾಕ್ಟರಿಗೆ ತೋರಿಸಿ ಅಂದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಶಾಲೆ_ಟೀಚರ್_ನಿವೃತ್ತ

ಆ ಹುಡುಗನ ನಿಜವಾದ ಹೆಸರು ನಿಮಗೆ ನೆನಪಿದೆಯಾ?

ಮಂಡಿ_ಮನುಷ್ಯ

ಇದೆ ಅಮ್ಮ. ಅವರ ಊರೂ ಗೊತ್ತು.

ಶಾಲೆ_ಟೀಚರ್_ನಿವೃತ್ತ

ಹಾಗಾದರೆ ಒಂದು ಸಲ ಹೋಗಿ ಬನ್ನಿ.

ಸ್ಪೇರ್ಸ್_ಕೌಂಟರ್ (ದಾವಣಗೆರೆ)

ನಿನ್ನೆ ಮಾರ್ಚ್ 31. ವರ್ಷದ ಸ್ಟಾಕ್ ಎಣಿಕೆ. ಪ್ರತಿ ವರ್ಷ ನಾನೊಬ್ಬನೇ ಕೂತು ರಾತ್ರಿ ಹನ್ನೊಂದರ ತನಕ ಮಾಡುವ ಕೆಲಸ. ಅವತ್ತು ಮಂಗಳವಾರದಿಂದ ನಾವು ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ನಾನು ಮೂರು ಸಲ ಹೋಗಿ ಮೂರು ಸಲವೂ ಬಿಲ್ ವಿಷಯ ಕೇಳಿ ವಾಪಸ್ ಬಂದಿದ್ದೆ.

ಏಳೂವರೆಗೆ ಎಲ್ಲರೂ ಹೋದರು. ಅವನು ಹೆಲ್ಮೆಟ್ ಹಿಡಿದು ಹೊರಟಿದ್ದ. ನಾನು "ಒಬ್ಬನಿಗೇ ಆಗಲ್ಲ, ಬರ್ಕೊಡ್ತೀಯಾ" ಅಂದೆ. ಒಂಬತ್ತು ವರ್ಷದಲ್ಲಿ ನಾನು ಯಾರನ್ನೂ ಹಾಗೆ ಕೇಳಿದವನಲ್ಲ. ಅವನು ರಿಜಿಸ್ಟರ್ ತೆಗೆದುಕೊಂಡು ಕೂತ. ನಾನು ಏಣಿ ಹತ್ತಿ ಎಣಿಸಿ ಕೂಗಬೇಕು, ಅವನು ಬರೆಯಬೇಕು. ನಾನು ಕೂಗುತ್ತಾ ಹೋದೆ, ಅವನು ಸುಮ್ಮನೆ ಬರೆಯುತ್ತಾ ಹೋದ. ಆಯಿಲ್ ಫಿಲ್ಟರ್ 64. ಫ್ಯಾನ್ ಬೆಲ್ಟ್ 31. ಮುಂದಿನ ಚಕ್ರದ ಬೇರಿಂಗ್ 18. ಏಣಿಯ ಮೇಲೆ, ಅವನ ಮುಖ ನೋಡದೆ ಹೇಳುವುದು ನನಗೆ ಸುಲಭ ಆಯಿತು. ಅದೇ ದನಿಯಲ್ಲಿ, ಬೇರಿಂಗ್ ಆದ ಮೇಲೆ, ನಾಚಿಕೆ ಅಲ್ಲ ಅಂದೆ. ಅಪ್ಪನ ವಿಷಯ ಹೇಳಿದೆ. ಆ ಮಂಗಳವಾರ ಗೋಡೌನಿಗೆ ಹೋಗಿ ನಾನು ಅತ್ತಿದ್ದನ್ನೂ ಹೇಳಿದೆ. ಅಕ್ಕನಿಗೆ ಭಾನುವಾರ ಫೋನ್ ಮಾಡಿ ನಿನ್ನ ಹೆಸರು ಹೇಳಿದ್ದೇನೆ, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ "ಅವನಿಗೆ ಯಾವ ಊರು" ಅಂತ ಕೇಳಿದಳು ಅಂತಲೂ ಹೇಳಿದೆ.

ಕೆಳಗಿಂದ ಏನೂ ಸದ್ದಿಲ್ಲ. ತಿರುಗಿ ನೋಡಿದರೆ ರಿಜಿಸ್ಟರ್ ಒದ್ದೆ ಮಾಡಿಕೊಂಡಿದ್ದ. ಆ ಪುಟ ಮತ್ತೆ ಬರೆದೆವು.

ಎಲ್ಲರ ಮುಂದೆ ಹೆಗಲ ಮೇಲೆ ಕೈ ಹಾಕುವುದು ನನಗೆ ಈಗಲೂ ಆಗದು, ಅದನ್ನು ಅವನು ಒಪ್ಪಿದ. ಕೈ ಹಾಕಿದರೆ ತೆಗೆಯುವುದಿಲ್ಲ ಅಂತ ನಾನು ಒಪ್ಪಿದೆ. ಮಾಲೀಕರಿಗೆ ಹಾಳೆ ಇವತ್ತು ಬೆಳಿಗ್ಗೆ ಕೊಟ್ಟೆ, ಹಳೇ ಎಚ್‌ಆರ್ ಸರ್ ಹೇಳಿದ ಹಾಗೇ. ಓದಿ ಜೇಬಿನಲ್ಲಿ ಇಟ್ಟುಕೊಂಡರು. "ರ‍್ಯಾಕ್ ಎಷ್ಟು ಬೇಕು, ಅಳತೆ ತಗೊಂಡು ಬಾ" ಅಂದರು. ಗುರುವಾರ ಇಬ್ಬರೂ ದುರ್ಗಕ್ಕೆ ಹೋಗುತ್ತಿದ್ದೇವೆ.

ವಕೀಲಮ್ಮ, ವಿಲ್ ಸಾಕ್ಷಿಗೆ ಯಾರು ಆಗಬಹುದು?

ಕಪ್ಪು_ಕೋಟು

ಬುದ್ಧಿ ಸ್ಥಿಮಿತದಲ್ಲಿರುವ ಯಾವ ವಯಸ್ಕರಾದರೂ ಆಗಬಹುದು. ವಿಲ್‌ನಲ್ಲಿ ಪಾಲು ಪಡೆಯುವವರು ಸಾಕ್ಷಿ ಹಾಕುವುದು ಬೇಡ. ಇಬ್ಬರೂ ನಿಮ್ಮ ಸಹಿಯನ್ನು ಕಣ್ಣಾರೆ ನೋಡಿರಬೇಕು.

ಶಾಲೆ_ಟೀಚರ್_ನಿವೃತ್ತ

ನಾನು ದಾವಣಗೆರೆಯಲ್ಲೇ ಇದ್ದೇನೆ. ಬೇಕಾದರೆ ಬರುತ್ತೇನೆ, ಮಗು.

ಎರೆ_ಹೊಲ

ಅಣ್ಣ, ಸೋಮವಾರ ಪೇಟೆಗೆ ಬರುತ್ತೇನೆ. ಆರು ಅಡಿಯ ಬ್ಲೇಡ್ ನಿಮ್ಮಲ್ಲಿ ಪೂರ್ತಿ ಸೆಟ್ ಇದೆಯಾ?

ಸ್ಪೇರ್ಸ್_ಕೌಂಟರ್ (ದಾವಣಗೆರೆ)

ಇದೆ. ಎಡ 21, ಬಲ 21. ನಿನ್ನೆ ಇಬ್ಬರೂ ಸೇರಿ ಎಣಿಸಿದ್ದೇವೆ.